ಸಮುದ್ರ ಮುಟ್ಟದ ಕಸ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಶಾಲೆಗೆ ಅರಬ್ಬಿ ಸಮುದ್ರ ಏನೂ ದೂರವಲ್ಲ. ಆಗುಂಬೆ ಘಾಟಿ ಇಳಿದರೆ ಸಾಕು, ಕರಾವಳಿಯ ಸೆಕೆ ಮುಖಕ್ಕೆ ಹೊಡೆಯುತ್ತದೆ. ಆದರೆ ನಮ್ಮೂರ ಹಳ್ಳದ ನೀರಿಗೆ ಆ ದಾರಿ ಗೊತ್ತಿಲ್ಲ. ಅದು ಸಮುದ್ರಕ್ಕೆ ಬೆನ್ನು ಹಾಕಿ ತುಂಗೆ ಸೇರಿ, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಆಂಧ್ರದ ಕಡೆ ಹೊರಟುಬಿಡುತ್ತದೆ. ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಾತ್ರ ಪಶ್ಚಿಮದ ಹಾದಿ ಹಿಡಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಒಂದೇ ತಾಲ್ಲೂಕು, ಒಂದೇ ಮಳೆ. ಅರ್ಧ ನೀರು ಅರಬ್ಬಿ ಸಮುದ್ರದ ಪಾಲು, ಅರ್ಧ ಬಂಗಾಳ ಕೊಲ್ಲಿಯ ಪಾಲು. ಅರ್ಧ ಅಂದದ್ದು ಮಾತಿಗೆ, ಲೆಕ್ಕಕ್ಕಲ್ಲ.

ಜಲಮಾಲಿನ್ಯದ ಪಾಠಕ್ಕೆ ನಮಗೆ ಸಿಗುವ ಚಾರ್ಟು, ವಿಡಿಯೊಗಳಲ್ಲೆಲ್ಲ ಕಥೆ ಒಂದೇ. ಮಗು ಚಾಕ್ಲೇಟ್ ಸಿಪ್ಪೆ ಎಸೆಯುತ್ತದೆ. ಸಿಪ್ಪೆ ಚರಂಡಿಗೆ, ಚರಂಡಿ ಹೊಳೆಗೆ, ಹೊಳೆ ಸಮುದ್ರಕ್ಕೆ. ಕೊನೇ ಚಿತ್ರದಲ್ಲಿ ಒಂದು ಆಮೆ, ಅದರ ಮೂಗಿನಲ್ಲಿ ಸ್ಟ್ರಾ. ಮಕ್ಕಳು "ಅಯ್ಯೋ ಪಾಪ" ಅನ್ನುತ್ತಾರೆ. ಬೆಲ್ ಹೊಡೆಯುತ್ತದೆ.

ಹಿಂದಿನ ವರ್ಷದ ಶಾಲಾ ಪ್ರವಾಸದಲ್ಲಿ ಜೋಗ, ಮುರುಡೇಶ್ವರದ ಜೊತೆ ಹೊನ್ನಾವರದ ಕಾಸರಕೋಡಿಗೂ ಹೋಗಿದ್ದೆವು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕಟ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಬೀಚು ಅದು. ಅಲ್ಲಿಯ ಟೊಂಕ ಎಂಬ ಜಾಗದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ ಎಂದು ಬಸ್ಸಿನಲ್ಲಿ ಹೇಳಿದ್ದೇ ತಡ, ಇಳಿದವರೇ ಆಮೆ ಹುಡುಕಲು ಶುರು. ಉರಿಬಿಸಿಲಿನಲ್ಲಿ ಆಮೆ ಎಲ್ಲಿಂದ ಬರಬೇಕು? ಬೇಜಾರಾಗಿ, ಬೀಚಿನ ಗಡಿ ದಾಟಿ ಆಚೆ ಅಲೆ ತಂದು ಹಾಕಿದ್ದ ಹರಕು ಚಪ್ಪಲಿ, ಬಲೆಯ ತುಂಡು, ಬಾಟ್ಲಿ ಮುಚ್ಚಳ ಎಲ್ಲ ಹೆಕ್ಕಿ ಒಂದು ಗುಡ್ಡೆ ಮಾಡಿದರು. ಯಾರೂ ಹೇಳಿರಲಿಲ್ಲ. ವಾಪಸು ಬರುವಾಗ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು: "ಟೀಚರ್, ಅದ್ರಲ್ಲಿ ನಮ್ಮೂರಿಂದು ಎಷ್ಟಿತ್ತು?"

ಉತ್ತರ ಕೊಡಲು ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಬರೆದೆವು. ನಮ್ಮ ಹಳ್ಳದಿಂದ ಶುರುಮಾಡಿ ಮಂಡಗದ್ದೆ, ಗಾಜನೂರು, ಶಿವಮೊಗ್ಗ, ಕೂಡ್ಲಿ, ಹೊನ್ನಾಳಿ, ಹರಿಹರ, ಹೊಸಪೇಟೆ, ಮಂತ್ರಾಲಯ, ಕರ್ನೂಲು. ಆಮೇಲೆ ಕೃಷ್ಣೆ. ಆಮೇಲೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ. ಜಗಲಿ ಸಾಲದೆ ಮೆಟ್ಟಿಲಿಳಿದು ಅಂಗಳದ ಮಣ್ಣಿನಲ್ಲಿ ಕೋಲಿನಿಂದ ಗೀರಿ ಬಂಗಾಳ ಕೊಲ್ಲಿ ಮುಟ್ಟಿಸಿದ್ದಾಯಿತು. ಅಣೆಕಟ್ಟು ಇರುವಲ್ಲೆಲ್ಲ ಒಂದೊಂದು ಇಟ್ಟಿಗೆ ಚೂರು ಇಟ್ಟೆವು. ಆಗ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರರ ಮಗ, ಆರನೇ ಕ್ಲಾಸಿನವನು, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಇಷ್ಟೆಲ್ಲ ಡ್ಯಾಂ ದಾಟಿ ನಮ್ಮ ಚಾಕ್ಲೇಟ್ ಸಿಪ್ಪೆ ಹೋಗ್ತದಾ ಟೀಚರ್? ಗಾಜನೂರಲ್ಲೇ ಸಿಕ್ಕಿ ಬೀಳಲ್ವಾ?"

ಶರಾವತಿಯ ಕಡೆಯಿಂದ ಹೋಗಬಹುದು ಎಂದು ಇನ್ನೊಬ್ಬಳು ವಾದ ಹೂಡಿದಳು. ಅಲ್ಲೂ 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಇದೆ, ಕೆಳಗೆ ಗೇರುಸೊಪ್ಪ ಇದೆ. ಅಲ್ಲೂ ಇಟ್ಟಿಗೆ ಬಿತ್ತು.

ಹುಡುಗ ಹೇಳಿದ್ದು ಸರಿ. ಮಳೆಗಾಲದ ಹುಚ್ಚುಹೊಳೆಯಲ್ಲಿ ಹಗುರ ವಸ್ತು ಬಹಳ ದೂರ ಹೋಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ಕಸ ದಾರಿಯಲ್ಲೇ ಬೇರಿಗೆ, ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಮರಳಿನಲ್ಲಿ ಹೂತುಹೋಗುತ್ತದೆ, ಕಟ್ಟೆಯ ಹಿಂದೆ ತಳ ಸೇರುತ್ತದೆ. ಅಂದರೆ ನಮ್ಮ ಕಸ ನಮ್ಮಲ್ಲೇ ಇದೆ. ಸಮುದ್ರದ ಕಥೆಯಲ್ಲಿ ನನಗೆ ಮೊದಲಿಂದಲೂ ಹಿಡಿಸದೇ ಇದ್ದದ್ದು ಏನು ಅಂತ ಆವತ್ತು ಸ್ಪಷ್ಟವಾಯಿತು. ಅದರಲ್ಲಿ ತೊಂದರೆಯಾಗುವುದು ದೂರದ ಯಾವುದೋ ಆಮೆಗೆ. ನಮ್ಮನೆ ದನ ನೀರು ಕುಡಿಯುವ ಜಾಗ, ಅಮ್ಮ ಬಟ್ಟೆ ಒಗೆಯುವ ಕಲ್ಲು, ಮಳೆಗಾಲದಲ್ಲಿ ಹೊಸನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿಯುವ ಗದ್ದೆಯಂಚಿನ ತೋಡು ಇವುಗಳ ಸುದ್ದಿಯೇ ಅದರಲ್ಲಿಲ್ಲ. ಆಮೆ ಚಾರ್ಟನ್ನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟೆ. ಆಮೆಯ ಮೇಲೆ ನನಗೇನೂ ಸಿಟ್ಟಿಲ್ಲ.

ನಮ್ಮಲ್ಲೂ ಒಂದು ಬೀಚಿದೆ. ಬೇಸಿಗೆ ಬಂತೆಂದರೆ ತುಂಗೆ ಸಣ್ಣಗಾಗಿ, ತಿರುವಿನಲ್ಲಿ ಉದ್ದಕ್ಕೆ ಮರಳ ದಿಣ್ಣೆ ಏಳುತ್ತದೆ. ಮೊದಲು ಅದಕ್ಕೆ ಹೆಸರಿರಲಿಲ್ಲ, ಹೊಳೆದಂಡೆ ಅಂದರೆ ಆಯಿತು. ಹುಡುಗರು ರೀಲ್ಸ್ ಮಾಡಲು ಶುರುಮಾಡಿದ ಮೇಲೆ 'ಬೀಚು' ಆಯಿತು. ಬೀಚು ಆದಮೇಲೆ ಬೀಚಿನ ಲಕ್ಷಣವೆಲ್ಲ ಬಂತು: ಭಾನುವಾರದ ಕಾರುಗಳು, ಮೂರು ಕಲ್ಲಿಟ್ಟು ಕೋಳಿ ಸುಟ್ಟ ಬೂದಿ, ಒಡೆದ ಬಾಟ್ಲಿ. ಫೆಬ್ರವರಿಯ ಒಂದು ಶನಿವಾರ ಅಲ್ಲಿಗೆ ಹೋಗೋಣ ಎಂದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಇಟ್ಟೆ.

ಸಲೀಸಾಗಿ ಒಪ್ಪಿದರು ಅಂದುಕೊಳ್ಳಬೇಡಿ. ಒಬ್ಬ ಅಪ್ಪ ಎದ್ದು ನಿಂತು, "ಮಕ್ಕಳನ್ನ ನಾವು ಶಾಲೆಗೆ ಕಳ್ಸೋದು ಕಸ ಹೆಕ್ಕಕ್ಕಲ್ಲ ಮೇಡಂ" ಅಂದರು. ಸಭೆಯಲ್ಲಿ ಒಂದಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಕಸ ಎತ್ತುವ ಕೆಲಸವನ್ನು ತಲೆತಲಾಂತರದಿಂದ ಯಾರ ತಲೆಗೆ ಕಟ್ಟಿದ್ದೇವೆ ಎನ್ನುವುದು ಗೊತ್ತಿದ್ದವರಿಗೆ 'ಶ್ರಮದಾನ' ಎನ್ನುವ ಶಬ್ದ ಅಷ್ಟು ಹಗುರಾಗಿ ಬಾಯಿಗೆ ಬರುವುದಿಲ್ಲ. ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿಗಳೂ ಪೇಪರಿನಲ್ಲಿ ಬಂದಿದ್ದವು. ಅವರ ಹೆದರಿಕೆಗೆ ಕಾರಣ ಇತ್ತು. ಕೊನೆಗೆ ಹೀಗೆ ಗೊತ್ತುಮಾಡಿಕೊಂಡೆವು: ಹೋದರೆ ಎಲ್ಲ ಮನೆಯ ಮಕ್ಕಳೂ, ಎಲ್ಲ ಮೇಷ್ಟ್ರೂ, ಬರುವಷ್ಟು ಅಪ್ಪ-ಅಮ್ಮಂದಿರೂ ಹೋಗುವುದು. ಗಾಜು, ಸೂಜಿ, ಡೈಪರ್ ದೊಡ್ಡವರ ಕೆಲಸ. ಪತ್ರಕ್ಕೆ ಸಹಿ ಹಾಕಿದವರ ಮಕ್ಕಳು ಮಾತ್ರ. ಆ ಅಪ್ಪ ಸಹಿ ಹಾಕಲಿಲ್ಲ. ಸೋಮವಾರ ಶಾಲೆಯಲ್ಲಿ ಕಸ ವಿಂಗಡಿಸುವಾಗ ಅವರ ಮಗಳೇ ಎಲ್ಲರಿಗಿಂತ ಮುಂದೆ ಕೂತಿದ್ದಳು, ಅದು ಬೇರೆ ವಿಷಯ.

ಫೆಬ್ರವರಿ ಎಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು ಇವತ್ತಿಗೂ ಬೇಸಿಗೆ ಬಂದರೆ ಊರವರ ಎದೆ ನಡುಗಿಸುತ್ತದೆ. ಆದ್ದರಿಂದ ಕಾಡಂಚಿನ ಕಾಲುದಾರಿ ಬಿಟ್ಟು ಟಾರು ರಸ್ತೆಯಲ್ಲೇ ಸುತ್ತು ಬಳಸಿ ಹೋದೆವು. ಈ ಕಾಯಿಲೆ ಹರಡುವ ಕಾಡಿನ ಉಣ್ಣೆಹುಳ ಕಚ್ಚದಂತೆ ಆಶಾ ಕಾರ್ಯಕರ್ತೆ ಕೊಟ್ಟ ಡೇಪಾ ಎಣ್ಣೆಯನ್ನು ಎಲ್ಲರ ಕೈಕಾಲಿಗೆ ಬಳಿಸಿಯೇ ಹೊರಡಿಸಿದ್ದು. ನೀರಿನ ಕಡೆ ಹಗ್ಗ ಕಟ್ಟಿ, ಅದರಾಚೆ ಕಾಲಿಡುವಂತಿಲ್ಲ ಎಂದಿದ್ದೆ. ತುಂಗೆ ಮೇಲೆ ಎಷ್ಟು ಸೌಮ್ಯವೋ ಗುಂಡಿಗಳಲ್ಲಿ ಅಷ್ಟೇ ಮೋಸ. ಹಿತೈಷಿಯೊಬ್ಬರು ನಮಗೆ ಗೊತ್ತಾಗದ ಹಾಗೆ ಒಂದು ಫ್ಲೆಕ್ಸ್ ಮಾಡಿಸಿಕೊಂಡು ಬಂದಿದ್ದರು, 'ಪ್ಲಾಸ್ಟಿಕ್ ಮುಕ್ತ ತುಂಗಾ' ಅಂತ. ಫ್ಲೆಕ್ಸೂ ಪ್ಲಾಸ್ಟಿಕ್ಕೇ, ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧವೂ ಇದೆ. ಪಾಪ, ಅವರ ಮುಖ ನೋಡಿ ಹೇಳಲಾಗಲಿಲ್ಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೇಳಿಬಿಟ್ಟಳು.

ಕೆಲಸದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹೆಕ್ಕಿದೆವು, ಗೋಣಿಚೀಲಕ್ಕೆ ತುಂಬಿದೆವು, ಹಾಳೆತಟ್ಟೆಯಲ್ಲಿ ಚಿತ್ರಾನ್ನ ತಿಂದೆವು. ಆದರೆ ಎರಡು ವಸ್ತುಗಳ ಬಗ್ಗೆ ಹೇಳಲೇಬೇಕು.

ಒಂದು ಗೊಬ್ಬರದ ಚೀಲ. ಮರಳಿನಿಂದ ಅದರ ಮೂಲೆ ಮಾತ್ರ ಹೊರಗೆ ಕಾಣುತ್ತಿತ್ತು. ಐದನೇ ಕ್ಲಾಸಿನ ಹುಡುಗ ಹಿಡಿದೆಳೆದ. ಬಂದದ್ದು ಚೀಲವಲ್ಲ, ಬೆರಳಲ್ಲಿ ಹಿಡಿದಷ್ಟೇ ತುಂಡು. ಮತ್ತೆ ಎಳೆದ, ಮತ್ತೆ ಅಷ್ಟೇ. ಎಷ್ಟೋ ಬಿಸಿಲು ಕುಡಿದ ಚೀಲ ಹಪ್ಪಳದ ಹಾಗೆ ಮುರಿಯುತ್ತಿತ್ತು. ನೇಯ್ದಿದ್ದ ಪಟ್ಟಿಗಳು ಬಿಡಿಬಿಡಿಯಾಗಿ ಬಿಳಿ ಎಳೆಗಳಾಗಿ, ಎಳೆಗಳು ಚೂರುಗಳಾಗಿ ಮರಳಲ್ಲಿ ಬೆರೆತವು. ಅವನು ಅಂಗೈ ತೋರಿಸಿದ: ಬೆವರಿಗೆ ಅಂಟಿಕೊಂಡ ಬಿಳಿ ಚುಕ್ಕಿಗಳು, ಮರಳಿನ ಕಣಗಳು, ಯಾವುದು ಯಾವುದೆಂದು ಗೊತ್ತಾಗದು. "ಇದನ್ನ ಹೆಂಗೆ ಹೆಕ್ಕೋದು ಟೀಚರ್?" ಮೈಕ್ರೋಪ್ಲಾಸ್ಟಿಕ್ ಎಂಬ ಮಾತನ್ನು ಏಳನೇ ಕ್ಲಾಸಿಗೆ ಹೇಳಬೇಕಾದಾಗಲೆಲ್ಲ ಪರದಾಡುತ್ತಿದ್ದೆ. ಆವತ್ತು ಅವನ ಕೈ ಸಾಕಾಯಿತು. ಜರಡಿ ತರಬಹುದಿತ್ತು ಎಂದು ಯಾರೋ ಅಂದರು. ಹೊಳೆಯನ್ನೇ ಜರಡಿ ಹಿಡಿಯುವವರು ಯಾರು? ಚೀಲ ಚೀಲವಾಗಿದ್ದಾಗಲೇ ಎತ್ತಬೇಕಿತ್ತು.

ಇನ್ನೊಂದು ಡೈಪರ್. ನೀರು ಕುಡಿದು ಊದಿ, ಒಂದು ಬದಿ ಒಡೆದು, ಒಳಗಿನ ಪಾರದರ್ಶಕ ಲೋಳೆ ಹೊರಗೆ ಸುರಿದಿತ್ತು. ಮಕ್ಕಳಿಗೆ ಅದು ಮೀನಿನ ಮೊಟ್ಟೆ ಅನಿಸಿತು. ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ನೀರು ಹಿಡಿಯುವ ರಾಸಾಯನಿಕ ಪುಡಿ ಅದು ಎಂದು ವಿವರಿಸಿದೆ. ಮಾರ್ಚ್ ಬಂದರೂ ಅದು ಅಲ್ಲೇ ಬಿದ್ದಿರುತ್ತಿತ್ತು, ಮಳೆ ಬಂದರೆ ಕೆಳಗಿನ ಊರಿಗೆ. ಸುಡಬಾರದಾ ಎಂದರೆ ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು ಬಾಯಿ ಮೇಲೆ ಕೈಯಿಟ್ಟುಕೊಂಡರು: "ಶಿಶು ಮೈಮೇಲಿಂದ ತೆಗ್ದಿದ್ದನ್ನ ಬೆಂಕಿಗೆ ಹಾಕ್ತಾರಾ? ಮಗುಗೆ ಉರಿ ಹತ್ತದೆ." ಹೂಳೋಣವೆಂದರೆ ನಾಯಿ ಕೆದರುತ್ತದೆ. ಕಸದ ಗಾಡಿ ಬರುವುದಿಲ್ಲ. ಉಳಿದದ್ದು ಹೊಳೆ. ಅಜ್ಜಿಯ ಮೇಲೆ ನಗುವುದು ಸುಲಭ. ಅವರಿಗೆ ನಾವು ಬೇರೆ ದಾರಿ ಏನು ಕೊಟ್ಟಿದ್ದೇವೆ?

ಪಾಠ ಶುರುವಾದದ್ದು ಸೋಮವಾರ. ಅಂಗಳದಲ್ಲಿ ತಾಡಪಾಲು ಹಾಸಿ ಚೀಲಗಳನ್ನು ಸುರಿದೆವು. ಸ್ವಚ್ಛತಾ ಕಾರ್ಯಕ್ರಮ ಮಾಡುವವರಿಗೆಲ್ಲ ನಾನು ಕೈಮುಗಿದು ಹೇಳುವುದು ಇದನ್ನೇ: ಹೆಕ್ಕಿದ ಕಸವನ್ನು ಅಲ್ಲಿಂದಲೇ ಕಳಿಸಿಬಿಡಬೇಡಿ, ಒಂದು ಸಲ ಸುರಿದು ಓದಿ. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಮನೆಗೆ ಹೋದರೆ ಮಕ್ಕಳಿಗೆ ಸಿಗುವುದು ಬೆನ್ನುನೋವು ಮಾತ್ರ.

ಓದಿದಾಗ ಲೆಕ್ಕವೇ ಬದಲಾಯಿತು. ಕಾರಿನವರೇ ಎಲ್ಲ ಕಸಕ್ಕೂ ಕಾರಣ ಎಂದು ಊರೆಲ್ಲ ನಂಬಿತ್ತು. ಬಾಟ್ಲಿ, ಟೆಟ್ರಾ ಪ್ಯಾಕು, ಕುರ್ಕುರೆ ಕವರುಗಳು ಅವರವೇ, ನಿಜ. ಆದರೆ ಶಾಂಪೂ ಸ್ಯಾಶೆಗಳು? ಬಟ್ಟೆ ಸೋಪಿನ ಪುಡಿಯ ಪ್ಯಾಕೆಟ್? ಗುಟ್ಕಾ ಚೀಟಿಗಳ ಸರ ಸರ? ಗಾಜು ಒಡೆದ ದೇವರ ಫೋಟೊ, ಹೂವು ಕೊಳೆತು ಪ್ಲಾಸ್ಟಿಕ್ ದಾರ ಮಾತ್ರ ಉಳಿದ ಹಾರ? ಇನ್ನೊಂದು ರಾಶಿಯನ್ನು ನೋಡಿ ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ, ಮಣ್ಣು ಮೆತ್ತಿದ ತೆಳು ಪ್ಲಾಸ್ಟಿಕ್ ಹಾಳೆಗಳು, ಒಂದು ತುದಿಯಲ್ಲಿ ಗಂಟು. ಕೊನೆಗಾರರ ಮಗ ಗಂಟು ನೋಡಿಯೇ ಹೇಳಿದ: "ಇದು ಕೊಟ್ಟೆ ಟೀಚರ್. ಅಪ್ಪ ಕಟ್ಟೋ ಗಂಟೇ." ಮಳೆಗಾಲದಲ್ಲಿ ಕೊಳೆರೋಗ ತಗುಲದಂತೆ ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆ. ಹಿಂದೆ ಅಡಿಕೆ ಹಾಳೆಯಲ್ಲೇ ಕಟ್ಟುತ್ತಿದ್ದರು, ಬಿದ್ದರೆ ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಕೊಟ್ಟೆ ಗಾಳಿಗೆ ಹರಿದು ತೋಟದ ಬಸಿಗಾಲುವೆಗೆ ಬೀಳುತ್ತದೆ, ಬಸಿಗಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ. ಚಾರ್ಟಿನ ಬಾಣದ ಗುರುತುಗಳು ಅಲ್ಲಿವರೆಗೆ ಸರಿಯೇ. ಶುರುವಾಗುವ ಜಾಗ ಮಾತ್ರ ಚಾಕ್ಲೇಟ್ ಅಂಗಡಿಯಲ್ಲ, ನಮ್ಮ ತೋಟ.

ಗುಜರಿಯವರು ಬಂದು ಬಾಟ್ಲಿ, ತಗಡು ಆರಿಸಿಕೊಂಡರು. ಚಿಪ್ಸ್ ಕವರ್, ಗುಟ್ಕಾ ಚೀಟಿ, ಸ್ಯಾಶೆಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಪ್ಲಾಸ್ಟಿಕ್ಕಿನ ಪದರ, ಹೊಳೆಯುವ ಲೋಹದ ಪದರ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಡಿಸಲಿಕ್ಕಾಗದು, ಅದಕ್ಕೆ ಬೆಲೆಯೂ ಇಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಸ್ಟ್ರಾ, ಪ್ಲಾಸ್ಟಿಕ್ ಚಮಚ, ಲೋಟ, ತಟ್ಟೆಯಂಥವನ್ನು ನಿಷೇಧಿಸಿದ್ದಾರಲ್ಲ, ಆ ಪಟ್ಟಿಯಲ್ಲಿ ಈ ಪ್ಯಾಕೆಟ್‌ಗಳಿಲ್ಲ. ನಮ್ಮ ತಾಡಪಾಲಿನ ಮೇಲೆ ಸ್ಟ್ರಾ ಹುಡುಕಿದರೆ ಒಂದೆರಡು ಸಿಕ್ಕೀತು, ಸ್ಯಾಶೆಗಳು ಬೊಗಸೆ ಬೊಗಸೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಮಕ್ಕಳೂ ಖುಷಿಯಾಗಿ ಇರುತ್ತಿದ್ದೆವು. ಆದರೆ ಶನಿವಾರವೇ ಇನ್ನೊಂದು ಕೆಲಸ ಮಾಡಿದ್ದೆವು. ಜಲಜೀವನ್ ಮಿಷನ್‌ನಲ್ಲಿ ಪಂಚಾಯ್ತಿಗೆ ನೀರು ಪರೀಕ್ಷೆಯ ಕಿಟ್ ಬಂದಿದೆ, ಬಳಸಲು ಊರಿನ ಹೆಂಗಸರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಹಾಗೆ ಕಲಿತ ಒಬ್ಬರು ನಮ್ಮ ಶಾಲೆಯ ಮಗುವಿನ ಅಮ್ಮನೇ. ಅವರು ಎಚ್‌ಟುಎಸ್ ಬಾಟ್ಲಿಗಳನ್ನು ತಂದಿದ್ದರು. ಮಕ್ಕಳು ಕಸ ಎತ್ತಿ, ಮರಳು ಹರಡಿ, ದಂಡೆ ಲಕಲಕ ಅಂತ ಆದಮೇಲೆ ಅಲ್ಲಿಯ ನೀರನ್ನೇ ಒಂದು ಬಾಟ್ಲಿಗೆ ತುಂಬಿದರು. ಇನ್ನೊಂದಕ್ಕೆ ಗುಡ್ಡದ ಕಡೆಯ ಹಳ್ಳದ ನೀರು. ಮೂರನೆಯದಕ್ಕೆ ಬಿಸಿಯೂಟದ ಅಕ್ಕ ಕಾಯಿಸಿ ಆರಿಸಿ ಕೊಟ್ಟದ್ದು. ಭಾನುವಾರ ನಡುವೆ ಬಂದದ್ದರಿಂದ ಬಾಟ್ಲಿಗಳು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಸೋಮವಾರ ತೆಗೆದರೆ ದಂಡೆಯ ನೀರು ಮಸಿಯಷ್ಟು ಕಪ್ಪು. ಗುಡ್ಡದ ನೀರೂ ಕಪ್ಪು, ಸ್ವಲ್ಪ ತೆಳು. ಕಾಯಿಸಿದ್ದು ಹಾಗೇ ಇತ್ತು.

ಕಪ್ಪಾಗಿದೆಯೆಂದರೆ ಮನುಷ್ಯರ, ದನಕರುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಆ ನೀರಿನಲ್ಲಿ ಇದೆ ಎನ್ನುವ ಸೂಚನೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ (ಅದೇ ಎಚ್‌ಟುಎಸ್) ಬಾಟ್ಲಿಯೊಳಗಿನ ಕಬ್ಬಿಣದ ಅಂಶದ ಜೊತೆ ಸೇರಿ ಕಪ್ಪು ಬಣ್ಣ ಬರುತ್ತದೆ. ಎಷ್ಟಿದೆ ಅಂತ ಬಾಟ್ಲಿ ಹೇಳುವುದಿಲ್ಲ, ಉಂಟೋ ಇಲ್ಲವೋ ಅಷ್ಟೇ. ಕುಡಿಯುವ ನೀರಾದರೆ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಗುಂಪಿನ ಬ್ಯಾಕ್ಟೀರಿಯಾ ಒಂದೂ ಇರಬಾರದು. ಹೊಳೆಯಲ್ಲಿ ಸ್ನಾನಕ್ಕಾದರೆ 500ರವರೆಗೆ ನಡೆಯುತ್ತದೆ ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

"ಅಷ್ಟೆಲ್ಲ ಕಸ ತೆಗೆದ್ವಲ್ಲ ಟೀಚರ್, ಮತ್ಯಾಕೆ ಕಪ್ಪಾಯ್ತು?" ಮುಖ ಸಣ್ಣ ಮಾಡಿಕೊಂಡು ಕೇಳಿದವಳು ಎಲ್ಲರಿಗಿಂತ ಹೆಚ್ಚು ಹೆಕ್ಕಿದವಳು. ನಾನು ಈ ಬರಹ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ. ನೀರಿನಲ್ಲಿರುವ ಕಸ ಬೇರೆ, ನೀರೇ ಕೆಡುವುದು ಬೇರೆ. ಇಕ್ಕಳಕ್ಕೆ ಸಿಗುವುದು ಮೊದಲನೆಯದು ಮಾತ್ರ. ಸ್ವಚ್ಛತಾ ದಿನವೊಂದನ್ನೇ ಮಾಡಿ ಬಿಟ್ಟರೆ, ದಂಡೆ ಚೊಕ್ಕಟವಾದರೆ ಹೊಳೆಯೂ ಚೊಕ್ಕಟವಾಯಿತು ಎಂದು ಮಕ್ಕಳಿಗೆ ನಾವೇ ಸುಳ್ಳು ಕಲಿಸಿದ ಹಾಗೆ.

ಆ ಹುಡುಗಿ ಮನೆಗೆ ಹೋಗಿ ವಿಷಯ ಹೇಳಿದಳಂತೆ. "ತುಂಗಾ ಪಾನ, ಗಂಗಾ ಸ್ನಾನ ಅಂತಾರೆ, ನಿಮ್ಮ ಟೀಚರಿಗೆ ತುಂಗೆ ನೀರು ಕಪ್ಪು ಕಾಣ್ತದಾ?" ಎಂದು ಅವಳಜ್ಜಿ ಗದರಿದರಂತೆ. ಗಾದೆ ಹುಟ್ಟಿದ ಕಾಲದಲ್ಲಿ ಹೊಳೆಗೆ ಬಿಡುವ ಚರಂಡಿಗಳಿರಲಿಲ್ಲ, ಅಜ್ಜಿಗೆ ಹಾಗೆ ಹೇಳು ಅಂದೆ. ಕಾಯಿಸಿ ಕುಡಿದರೆ ಗಾದೆ ಈಗಲೂ ನಡೆಯುತ್ತದೆ ಅಂತಲೂ ಹೇಳು ಅಂದೆ.

ಮುಂದಿನ ವಾರಗಳಲ್ಲಿ ಹಳ್ಳದ ಕಲ್ಲು ಮಗುಚಿ ನೋಡುವ ಕೆಲಸ ಹಿಡಿದೆವು. ಕಲ್ಲನ್ನು ನಿಧಾನ ಎತ್ತಿ ಬಿಳಿ ತಟ್ಟೆಯ ನೀರಿನಲ್ಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲಿನದೇ ಬಣ್ಣದ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಚಪ್ಪಟೆ ಹುಳ ಓಡುತ್ತದೆ. ಹಿಂದೆ ಕೂದಲೆಳೆಯಂಥ ಮೂರು ಬಾಲ. ಭೂತಗನ್ನಡಿ ಹಿಡಿದರೆ ಹೊಟ್ಟೆಯ ಎರಡೂ ಪಕ್ಕದಲ್ಲಿ ಸಾಲಾಗಿ ಎಲೆಯಾಕಾರದ ಕಿವಿರುಗಳು, ಒಂದೇ ಸಮನೆ ಬಡಿಯುತ್ತಿರುತ್ತವೆ. ಮೇಫ್ಲೈ ಎಂಬ ಹಾರುಹುಳದ ಮರಿ. ಮರಳಿನ ಕಣಗಳನ್ನು ಅಂಟಿಸಿ ತನಗೇ ಒಂದು ಕೊಳವೆ ಮನೆ ಕಟ್ಟಿಕೊಳ್ಳುವ ಇನ್ನೊಂದು ಹುಳವೂ ಸಿಗುತ್ತದೆ, ಮಕ್ಕಳಿಗೆ ಅದೇ ಇಷ್ಟ. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಮಾತ್ರ ಇವು ಬದುಕುತ್ತವೆ. ಗುಡ್ಡದ ಕಡೆ ಪ್ರತಿ ಕಲ್ಲಿಗೂ ಸಿಕ್ಕವು. ಊರೊಳಗೆ ಕಲ್ಯಾಣ ಮಂಟಪದ ಚರಂಡಿ ಬಂದು ಸೇರುವ ಜಾಗದಿಂದ ಕೆಳಗೆ ಮಗುಚಿದ ಕಲ್ಲುಗಳಲ್ಲಿ ಒಂದೂ ಇಲ್ಲ. ಬೂದು ಲೋಳೆ, ಅದರೊಳಗೆ ನುಲಿಯುವ ಕೆಂಪು ಹುಳಗಳು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅವಕ್ಕೂ ಇದೆ, ಅದಕ್ಕೇ ಕೆಂಪು, ಅದಕ್ಕೇ ಕಡಿಮೆ ಆಮ್ಲಜನಕದಲ್ಲೂ ತಾಳಿಕೊಳ್ಳುತ್ತವೆ.

ಆಮ್ಲಜನಕ ಎಲ್ಲಿ ಹೋಯಿತು ಎನ್ನುವುದಕ್ಕೆ ಹುಣಸೆಬೀಜದ ಆಟ ಮಾಡಿದೆವು. ಅಂಗಳದಲ್ಲಿ ವೃತ್ತ, ಅದು ಹಳ್ಳ. ಒಳಗೆ ಚೆಲ್ಲಿದ ಹುಣಸೆಬೀಜ ಆಮ್ಲಜನಕ. ನಾಲ್ಕು ಮಕ್ಕಳು ಮೀನು, ಇಬ್ಬರು ಬ್ಯಾಕ್ಟೀರಿಯಾ. ಸೀಟಿ ಹೊಡೆದಾಗ ಎಲ್ಲರೂ ಒಂದೊಂದು ಬೀಜ ಹೆಕ್ಕಬೇಕು, ಸಿಗದ ಮೀನು ಔಟ್. ಹಳ್ಳ ತನ್ನಷ್ಟಕ್ಕೆ ಹರಿಯುತ್ತದಲ್ಲ, ಆದ್ದರಿಂದ ಪ್ರತಿ ಸುತ್ತಿಗೂ ನಾನು ಹೊಸ ಬೀಜ ಹಾಕುತ್ತೇನೆ, ಎಲ್ಲರಿಗೂ ಸಾಕಾಗುತ್ತದೆ. ಆಮೇಲೆ 'ಮದುವೆ ಊಟ ಚರಂಡಿಗೆ ಬಂತು' ಎಂದು ಕೂಗುತ್ತೇನೆ. ಅನ್ನ ಸಾರು ಸಿಕ್ಕಿದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಹೊರಗೆ ನಿಂತ ಮಕ್ಕಳೆಲ್ಲ ಬ್ಯಾಕ್ಟೀರಿಯಾ ಆಗಿ ವೃತ್ತಕ್ಕೆ ನುಗ್ಗುತ್ತಾರೆ. ಎರಡೇ ಸುತ್ತಿಗೆ ಮೀನುಗಳು ಖಾಲಿ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದ ದೊಡ್ಡ ಮೀನುಗಳನ್ನು ಕಂಡಿದ್ದ ಹುಡುಗನೊಬ್ಬ ಔಟಾದಾಗ ನಿಜವಾಗಿಯೂ ಅತ್ತುಬಿಟ್ಟ. ಪ್ಲಾಸ್ಟಿಕ್ ಒಂದು ಚೂರೂ ಇಲ್ಲದೆ ಮೀನು ಸಾಯಬಹುದು ಎನ್ನುವುದು ಅವರಿಗೆ ಹೊಸತು.

ಅಲ್ಲಿಂದ ಮಾತು ಅಡಿಕೆಗೆ ಬಂತು. ಬರಲೇಬೇಕು, ಮಲೆನಾಡಲ್ಲಿ ಯಾವ ಮಾತು ಅಡಿಕೆಗೆ ಬಾರದೆ ಇರುತ್ತದೆ? ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಕೆಂಪಗೆ ಚೊಗರು ಉಳಿಯುತ್ತದೆ. ಗಟ್ಟಿ ಚೊಗರಿಗೆ ಬೆಲೆಯಿದೆ, ಮುಂದಿನ ಬೇಯಿಸುವಿಕೆಗೆ ಇಟ್ಟುಕೊಳ್ಳುತ್ತಾರೆ, ಮಾರುತ್ತಾರೆ. ತೆಳುನೀರು, ಹಂಡೆ ತೊಳೆದ ನೀರು ಹಿತ್ತಲ ಚರಂಡಿಗೆ. ಅದೂ ಬ್ಯಾಕ್ಟೀರಿಯಾಗೆ ಊಟವೇ. ಮಳೆಗಾಲದ ಬಾಯಿಗೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊಳೆರೋಗಕ್ಕೆ ಅದಿಲ್ಲದೆ ಆಗದು, ನಮ್ಮನೆಯ ತೋಟಕ್ಕೂ ಹೊಡೆಯುತ್ತೇವೆ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ಕಲ್ಲಿನಡಿಯ ಹುಳಕ್ಕೂ ವಿಷ. "ನಮ್ಮಲ್ಲಿ ಡ್ರಮ್ ತೊಳೆಯೋದು ಹಳ್ಳದಲ್ಲೇ" ಎಂದು ಮೂರ್ನಾಲ್ಕು ಮಕ್ಕಳು ಒಟ್ಟಿಗೆ ಹೇಳಿದರು. ತೋಟದಲ್ಲೇ ತೊಳೆದು ಬುಡಕ್ಕೆ ಹೊಯ್ದರೆ ಏನೂ ನಷ್ಟವಿಲ್ಲ ಎಂದು ಮನೆಯಲ್ಲಿ ಹೇಳಲು ಹೋಗಿ ಕೆಲವರು ಬೈಸಿಕೊಂಡೂ ಬಂದರು.

ಇನ್ನು ಶಾಲೆಯ ಜಗಲಿಯಲ್ಲಿ ಉಳಿದ ಬೇಡದ ಕಸದ ಚೀಲಗಳ ಕಥೆ. ಸ್ವಚ್ಛವಾಹಿನಿ ಗಾಡಿ ನಮ್ಮ ಕಡೆ ಬರುತ್ತಿರಲಿಲ್ಲ. ಪಂಚಾಯ್ತಿಯವರನ್ನು ಬೈಯುವುದು ಸುಲಭ, ಆದರೆ ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಆಚೆ, ನಡುವೆ ಗದ್ದೆ ಬಯಲು. ಒಂದು ಮನೆಯ ಒಂದು ಹಿಡಿ ಕಸಕ್ಕೆ ಎಷ್ಟು ಡೀಸೆಲ್ ಸುಡುವುದು? ಮಕ್ಕಳು ಒಂಟಿ ಮನೆಗಳನ್ನೆಲ್ಲ ಗುರುತು ಹಾಕಿ ನಕ್ಷೆ ಬರೆದು, ಮಕ್ಕಳ ಗ್ರಾಮಸಭೆಯಲ್ಲಿ ಇಟ್ಟರು. ಮನೆಮನೆಗೆ ಬೇಡ, ಮೂರು ಕೂಡುರಸ್ತೆಗಳಲ್ಲಿ ವಾರಕ್ಕೊಮ್ಮೆ ಗಾಡಿ ನಿಂತರೆ ಸಾಕು, ಅಲ್ಲಿಗೆ ಕಸ ನಾವು ತರುತ್ತೇವೆ ಎಂದರು. ದೊಡ್ಡವರು ಯಾರೂ ಇದುವರೆಗೆ ಹಾಗೆ ಕೇಳಿರಲಿಲ್ಲ. ಈಗ ಎರಡು ಕಡೆ ನಿಲ್ಲುತ್ತಿದೆ. ಗಾಡಿ ಓಡಿಸುವ ಅಕ್ಕ ಡೈಪರ್ ಬೇರೆ ಕಟ್ಟಿ ಕೊಟ್ಟರೆ ಒಯ್ಯುತ್ತಾರೆ, ಬೆರೆಸಿ ಕೊಟ್ಟರೆ ಅಲ್ಲೇ ವಾಪಸು. ಕಲ್ಯಾಣ ಮಂಟಪದ ಚರಂಡಿ ಹಾಗೇ ಇದೆ. ಲಗ್ನದ ಸೀಸನ್ ಮುಗಿಯಲಿ ಎಂದಿದ್ದರು, ಮುಗಿದು ಮತ್ತೊಂದು ಬಂತು.

ಆ ವರ್ಷದ ಏಳನೇ ಕ್ಲಾಸಿನವರು ಹೈಸ್ಕೂಲಿಗೆ ಹೋದರು. ಈ ಸಲದ ತಂಡವನ್ನು ದಂಡೆಗಿಂತ ಮೊದಲು ಹಳ್ಳದ ಮೇಲ್ಭಾಗಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ. ಇಕ್ಕಳ, ಕೈಗವಸು ಬೇಕಾದಷ್ಟಿವೆ, ದಯವಿಟ್ಟು ಯಾರೂ ಮತ್ತೆ ಕೊಡಬೇಡಿ. ಭೂತಗನ್ನಡಿ ಸಾಲದು, ಬಿಳಿ ತಟ್ಟೆಗಳು ಬೇಕು. ಕೊನೇ ಕೊಯ್ಲಿನ ಅಡಿಕೆ ಬೇಯಿಸುವ ಹೊತ್ತಿಗೆ ಮಕ್ಕಳನ್ನು ಒಲೆಯ ಹತ್ತಿರ ಕೂರಿಸಿಕೊಂಡು ಹಂಡೆಯಿಂದ ಹಳ್ಳದವರೆಗೆ ಚೊಗರಿನ ದಾರಿ ತೋರಿಸುವ ಒಂದು ಮನೆಯೂ ಬೇಕಿತ್ತು. ನಮ್ಮತ್ತೆ ಒಪ್ಪಿದ್ದಾರೆ, ಆದರೆ ಫೋಟೊ ಮಾತ್ರ ತೆಗೆಯಬಾರದಂತೆ.